ಕ್ಲೈವ್ ಸಲಿವನ್

ಕ್ಲೈವ್ ಸಲಿವನ್ (9 ಏಪ್ರಿಲ್ 1943 – 8 ಅಕ್ಟೋಬರ್ 1985) ವೇಲ್ಸ್ ದೇಶದ ರಗ್ಬಿ ಲೀಗ್ ಆಟಗಾರರು. ವಿಂಗರ್ ಸ್ಥಾನದಲ್ಲಿ ಆಡುತ್ತಿದ್ದ ಇವರು 1961ರಿಂದ 1980ರ ದಶಕದ ಆರಂಭದವರೆಗೆ ಇಂಗ್ಲೆಂಡಿನ ಹಲ್ ನಗರದ ಎರಡು ಪ್ರತಿಸ್ಪರ್ಧಿ ಕ್ಲಬ್‌ಗಳಾದ ಹಲ್ ಎಫ್‌ಸಿ ಮತ್ತು ಹಲ್ ಕಿಂಗ್‌ಸ್ಟನ್ ರೋವರ್ಸ್ ಪರವಾಗಿ, ಅಲ್ಪಕಾಲ ಓಲ್ಡ್‌ಹ್ಯಾಮ್ ಮತ್ತು ಡಾನ್‌ಕಾಸ್ಟರ್ ಕ್ಲಬ್‌ಗಳ ಪರವಾಗಿ ಆಡಿದರು. 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿ ರಗ್ಬಿ ಲೀಗ್ ವಿಶ್ವಕಪ್ ಗೆದ್ದರು. ಪ್ರಮುಖ ಕ್ರೀಡೆಯೊಂದರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ವರ್ಣೀಯ ಆಟಗಾರರೆಂದು ಇವರನ್ನು ಗುರುತಿಸಲಾಗುತ್ತದೆ.

ವಿಶ್ವಕಪ್ ಗೆದ್ದ ಅದೇ ಋತುವಿನ ಕೊನೆಯಲ್ಲಿ ಸಲಿವನ್ ಅವರ ಕ್ಲಬ್ ಎರಡನೇ ಡಿವಿಷನ್‌ಗೆ ಸೇರಿತು. ಹೀಗಾಗಿ ವಿಶ್ವವಿಜೇತ ತಂಡದ ನಾಯಕರು ಮುಂದಿನ ಎರಡು ಋತುಗಳನ್ನು ಕೆಳದರ್ಜೆಯ ಪಂದ್ಯಗಳಲ್ಲಿ ಕಳೆದರು. ಲೀಗ್ ಪ್ರಶಸ್ತಿಯನ್ನು ಕಾಣಲು ಅವರು ಮೂವತ್ತಾರನೇ ವಯಸ್ಸಿನವರೆಗೆ ಕಾಯಬೇಕಾಯಿತು. ವಿಂಗರ್ ಒಬ್ಬನ ವೈಯಕ್ತಿಕ ಸಾಮರ್ಥ್ಯಕ್ಕೂ ಅವನ ಕ್ಲಬ್ಬಿನ ಸ್ಥಾನಮಾನಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಅವರ ವೃತ್ತಿಜೀವನ ಸ್ಪಷ್ಟ ಉದಾಹರಣೆಯಾಗಿದೆ.

ಆಟದ ಹಿನ್ನೆಲೆ

ರಗ್ಬಿ ಲೀಗ್ ಆಟವು 1895ರಲ್ಲಿ ರಗ್ಬಿ ಯೂನಿಯನ್‌ನಿಂದ ಬೇರ್ಪಟ್ಟು ಹುಟ್ಟಿತು. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಮತ್ತು ಬಂದರು ಪಟ್ಟಣಗಳ ಆಟಗಾರರು ದುಡಿಯುವ ವರ್ಗದವರಾಗಿದ್ದರು. ಪಂದ್ಯಕ್ಕಾಗಿ ಕೆಲಸ ಬಿಟ್ಟು ಬಂದರೆ ಅವರ ಆ ದಿನದ ಕೂಲಿ ತಪ್ಪುತ್ತಿತ್ತು. ಈ ನಷ್ಟವನ್ನು ತುಂಬಿಕೊಡಬೇಕೆಂಬ ಬೇಡಿಕೆಯನ್ನು ಆಗಿನ ಆಡಳಿತ ಸಂಸ್ಥೆ ಒಪ್ಪಲಿಲ್ಲ. ಆಗ ಉತ್ತರದ ಕ್ಲಬ್‌ಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಪ್ರತ್ಯೇಕ ಒಕ್ಕೂಟವನ್ನು ರಚಿಸಿಕೊಂಡವು. ಹಲ್ ಎಫ್‌ಸಿ ಈ ಸ್ಥಾಪಕ ಕ್ಲಬ್‌ಗಳಲ್ಲಿ ಒಂದು. ಮುಂದೆ ಹೊಸ ಆಟದ ನಿಯಮಗಳೂ ಬದಲಾದವು. 1906ರಿಂದ ಒಂದು ತಂಡದಲ್ಲಿ ಹದಿನೈದರ ಬದಲು ಹದಿಮೂರು ಆಟಗಾರರು ಆಡತೊಡಗಿದರು.

ಹಣ ಪಡೆದು ರಗ್ಬಿ ಲೀಗ್ ಆಡಿದವರನ್ನು ರಗ್ಬಿ ಯೂನಿಯನ್ ದೂರವಿಡುತ್ತಿತ್ತು. ಈ ನಿರ್ಬಂಧವು 1995ರಲ್ಲಿ ಯೂನಿಯನ್ ಆಟವೂ ವೃತ್ತಿಪರವಾಗುವವರೆಗೆ ಮುಂದುವರಿಯಿತು. ಹೀಗಾಗಿ ವೇಲ್ಸ್‌ನ ಯುವಕನೊಬ್ಬ ಉತ್ತರ ಇಂಗ್ಲೆಂಡಿನ ಕ್ಲಬ್ಬಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವುದೆಂದರೆ ತವರಿನ ಆಟಕ್ಕೆ ಬೆನ್ನು ತಿರುಗಿಸಿದಂತೆಯೇ ಆಗುತ್ತಿತ್ತು. ಆದರೂ ಅನೇಕರು ಆ ದಾರಿ ಹಿಡಿದರು. ಕಾರ್ಡಿಫ್ ನಗರದ ಬಂದರು ಪ್ರದೇಶದಿಂದ ಬಂದ ಬಿಲ್ಲಿ ಬೋಸ್ಟನ್, ಜಾನಿ ಫ್ರೀಮನ್, ಕಾಲಿನ್ ಡಿಕ್ಸನ್ ಮೊದಲಾದ ಕಪ್ಪು ವರ್ಣೀಯ ಆಟಗಾರರು ತವರಿನಲ್ಲಿ ಸಿಗದ ಅವಕಾಶವನ್ನು ಉತ್ತರದಲ್ಲಿ ಪಡೆದರು. ಸಲಿವನ್ ಇದೇ ಪರಂಪರೆಗೆ ಸೇರಿದವರು.

ವಿಂಗರ್ ಸ್ಥಾನ

ರಗ್ಬಿ ಲೀಗ್‌ನಲ್ಲಿ ವಿಂಗರ್‌ಗಳು ಮೈದಾನದ ಎರಡು ಅಂಚುಗಳಲ್ಲಿ ಆಡುತ್ತಾರೆ. ಸಾಂಪ್ರದಾಯಿಕವಾಗಿ 2 ಮತ್ತು 5 ಸಂಖ್ಯೆಯ ಅಂಗಿಗಳು ಅವರವು. ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎದುರಾಳಿಯ ಗೆರೆಯನ್ನು ದಾಟಿ ನೆಲಕ್ಕೆ ತಾಗಿಸಿದರೆ ಅದನ್ನು 'ಟ್ರೈ' ಎನ್ನುತ್ತಾರೆ. ಸಲಿವನ್ ಆಡುತ್ತಿದ್ದ ಬಹುಕಾಲ ಒಂದು ಟ್ರೈಗೆ ಮೂರು ಅಂಕಗಳಿದ್ದವು. 1983ರಲ್ಲಿ ಅದನ್ನು ನಾಲ್ಕಕ್ಕೆ ಏರಿಸಲಾಯಿತು.

ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಕೊಡಬಹುದು. ಆದ್ದರಿಂದ ಮೈದಾನದ ಮಧ್ಯದಲ್ಲಿ ಆರಂಭವಾದ ದಾಳಿ ಒಬ್ಬರಿಂದೊಬ್ಬರಿಗೆ ಸಾಗಿ ಕೊನೆಗೆ ವಿಂಗರ್‌ನ ಕೈ ಸೇರುತ್ತದೆ. ಅವನ ಒಂದು ಬದಿಗೆ ಅಂಚಿನ ಗೆರೆ, ಇನ್ನೊಂದು ಬದಿಯಿಂದ ಎದುರಾಳಿಗಳು. ಗೆರೆಯಾಚೆಗೆ ಕಾಲಿಟ್ಟರೆ ಚೆಂಡು ಕೈತಪ್ಪುತ್ತದೆ. ಕೆಲವೇ ಅಡಿಗಳ ಆ ಓಣಿಯಲ್ಲಿ ವೇಗ, ಸಮತೋಲನ ಮತ್ತು ಕ್ಷಣದ ನಿರ್ಧಾರ ಇವು ಮೂರೂ ಬೇಕಾಗುತ್ತವೆ.

ಈ ಸ್ಥಾನಕ್ಕೆ ಒಂದು ಮಿತಿಯೂ ಇದೆ. ವಿಂಗರ್ ತಾನಾಗಿ ಆಟವನ್ನು ಕಟ್ಟುವುದು ಅಪರೂಪ. ಒಳಗಿನ ಹನ್ನೊಂದು ಮಂದಿ ಚೆಂಡನ್ನು ಗೆದ್ದು ಹೊರಕ್ಕೆ ತಲುಪಿಸಿದರೆ ಮಾತ್ರ ಅವನಿಗೆ ಕೆಲಸ. ಬಲವಾದ ತಂಡದ ವಿಂಗರ್‌ಗೆ ಸಾಧಾರಣ ಪ್ರತಿಭೆಯಿದ್ದರೂ ಟ್ರೈಗಳು ದೊರೆಯುತ್ತವೆ. ದುರ್ಬಲ ತಂಡದಲ್ಲಿ ಅಸಾಧಾರಣ ಪ್ರತಿಭೆಯವನೂ ಇಡೀ ಪಂದ್ಯದಲ್ಲಿ ಎರಡೋ ಮೂರೋ ಬಾರಿ ಮಾತ್ರ ಚೆಂಡನ್ನು ಮುಟ್ಟಬಹುದು. ಸಲಿವನ್ ಅವರ ಅಂಕಿಅಂಶಗಳನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಅವರ ವೃತ್ತಿಜೀವನದ ಅವಧಿಯಲ್ಲಿ ಆಟದ ಮೂಲ ನಿಯಮವೊಂದು ಎರಡು ಬಾರಿ ಬದಲಾಯಿತು. 1966ರವರೆಗೆ ಒಂದು ತಂಡವು ಎಷ್ಟು ಬಾರಿ ನೆಲಕ್ಕೆ ಕೆಡವಲ್ಪಟ್ಟರೂ ಚೆಂಡನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಾಗಿತ್ತು. ಆ ವರ್ಷ ಇಂಗ್ಲೆಂಡಿನಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂದಿತು. 1972ರಲ್ಲಿ ಅದನ್ನು ಆರಕ್ಕೆ ಹೆಚ್ಚಿಸಲಾಯಿತು. ಮೊದಲ ಪದ್ಧತಿಯಲ್ಲಿ ದೈತ್ಯ ಫಾರ್ವರ್ಡ್‌ಗಳು ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ನಿಧಾನವಾಗಿ ಮುಂದೊತ್ತುತ್ತಿದ್ದರೆ ವಿಂಗರ್ ದೂರದಲ್ಲಿ ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಮೂರೂ ಪದ್ಧತಿಗಳಲ್ಲಿ ಆಡಿದ ಸಲಿವನ್ ಮೂರರಲ್ಲೂ ಟ್ರೈ ಗಳಿಸಿದರು.

ಬಾಲ್ಯ ಮತ್ತು ಸೈನ್ಯ

ಸಲಿವನ್ ಕಾರ್ಡಿಫ್‌ನ ಸ್ಪ್ಲಾಟ್ ಎಂಬ ಕಾರ್ಮಿಕ ಬಡಾವಣೆಯಲ್ಲಿ ಜನಿಸಿದರು. ಅವರ ತಂದೆತಾಯಿ ಜಮೈಕಾ ಮೂಲದವರು. ಬಾಲ್ಯದಲ್ಲಿ ಅವರ ಕಾಲು, ಪಾದ ಮತ್ತು ಭುಜಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಎಲ್ಲರಂತೆ ಸಲೀಸಾಗಿ ನಡೆಯುವುದೇ ಕಷ್ಟವಾಗಬಹುದೆಂದು ವೈದ್ಯರು ಶಂಕಿಸಿದ್ದರು. ಹೀಗಾಗಿ ಕ್ರೀಡೆಯನ್ನೇ ಬದುಕಾಗಿಸಿಕೊಳ್ಳುವ ಯೋಚನೆ ಆಗ ಯಾರಿಗೂ ಇರಲಿಲ್ಲ.

ಹದಿಹರೆಯದ ಕೊನೆಯಲ್ಲಿ ಅವರು ಬ್ರಿಟಿಷ್ ಸೈನ್ಯದ ರಾಯಲ್ ಸಿಗ್ನಲ್ಸ್ ದಳಕ್ಕೆ ಸೇರಿದರು. ಯಾರ್ಕ್‌ಷೈರ್‌ನ ಕ್ಯಾಟರಿಕ್ ಶಿಬಿರದಲ್ಲಿದ್ದಾಗ ದಳಗಳ ನಡುವಿನ ರಗ್ಬಿ ಪಂದ್ಯವೊಂದಕ್ಕೆ ಅವರನ್ನು ಆರಿಸಲಾಯಿತು. ವೇಲ್ಸ್‌ನವನೆಂದ ಮೇಲೆ ರಗ್ಬಿ ಬಂದೇ ಬರುತ್ತದೆ ಎಂಬ ಊಹೆಯೇ ಆ ಆಯ್ಕೆಗೆ ಕಾರಣ. ಆ ಪಂದ್ಯದಲ್ಲಿ ಅವರ ಓಟವನ್ನು ಕಂಡವರ ಮೂಲಕ ಸುದ್ದಿ ವೃತ್ತಿಪರ ಕ್ಲಬ್‌ಗಳಿಗೆ ತಲುಪಿತು. ಬ್ರಾಡ್‌ಫರ್ಡ್ ನಾರ್ದರ್ನ್ ಕ್ಲಬ್ ಅವರನ್ನು ಪರೀಕ್ಷಿಸಿ ನೋಡಿತಾದರೂ ಒಪ್ಪಂದ ಮಾಡಿಕೊಳ್ಳಲಿಲ್ಲ.

1961ರ ಡಿಸೆಂಬರ್‌ನಲ್ಲಿ ಹಲ್ ಎಫ್‌ಸಿ ಅವರಿಗೆ ಇನ್ನೊಂದು ಅವಕಾಶ ನೀಡಿತು. ತನ್ನ ಬೂಲೆವಾರ್ಡ್ ಮೈದಾನದಲ್ಲಿ ಬ್ರ್ಯಾಮ್ಲಿ ತಂಡದ ವಿರುದ್ಧ ನಡೆದ ಪಂದ್ಯದಲ್ಲಿ ಸಲಿವನ್ ತಮ್ಮ ಹೆಸರನ್ನು ಪ್ರಕಟಿಸದೆ ಆಡಿದರು. ಪರೀಕ್ಷಾರ್ಥ ಆಟಗಾರರ ಹೆಸರನ್ನು ಗುಟ್ಟಾಗಿಡುವುದು ಆ ಕಾಲದ ರೂಢಿ. ಹೆಸರಿಲ್ಲದ ಆ ವಿಂಗರ್ ಮೂರು ಟ್ರೈಗಳನ್ನು ಗಳಿಸಿದರು. ಮರುದಿನವೇ ಕ್ಲಬ್ ಅವರಿಂದ ಸಹಿ ಪಡೆಯಿತು.

ಆಗ ಹಲ್ ಕ್ಲಬ್ಬಿನ ತರಬೇತುದಾರರಾಗಿದ್ದವರು ರಾಯ್ ಫ್ರಾನ್ಸಿಸ್. ಅವರೂ ವೇಲ್ಸ್‌ನ ಕಪ್ಪು ವರ್ಣೀಯರು. ತಮ್ಮ ಕಾಲದಲ್ಲಿ ವಿಂಗರ್ ಆಗಿ ಹೆಸರು ಮಾಡಿ 1947ರಲ್ಲಿ ಗ್ರೇಟ್ ಬ್ರಿಟನ್ ಪರ ಆಡಿದ್ದವರು. ಅವರ ತರಬೇತಿಯಲ್ಲಿ ಹಲ್ 1956 ಮತ್ತು 1958ರಲ್ಲಿ ಲೀಗ್ ಚಾಂಪಿಯನ್ ಆಗಿತ್ತು. ಆದರೆ ಸಲಿವನ್ ಬರುವ ಹೊತ್ತಿಗೆ ಆ ತಂಡದ ಉಚ್ಛ್ರಾಯದ ದಿನಗಳು ಕಳೆದಿದ್ದವು. 1963ರಲ್ಲಿ ಫ್ರಾನ್ಸಿಸ್ ಲೀಡ್ಸ್ ಕ್ಲಬ್ಬಿಗೆ ತೆರಳಿದರು.

ಹಲ್ ಎಫ್‌ಸಿ (1961–1974)

ಮೊದಲ ಕೆಲವು ವರ್ಷಗಳು ಅಡೆತಡೆಗಳಿಂದ ತುಂಬಿದ್ದವು. ಸೈನಿಕರಾಗಿದ್ದ ಅವರಿಗೆ ಪ್ರತಿ ಪಂದ್ಯಕ್ಕೂ ರಜೆ ಬೇಕಾಗುತ್ತಿತ್ತು. ಸೈಪ್ರಸ್ ದ್ವೀಪದಲ್ಲಿ ಸೇವೆಗೆ ನಿಯೋಜಿತರಾದಾಗ ಅನೇಕ ಪಂದ್ಯಗಳು ತಪ್ಪಿದವು. ಮೊಣಕಾಲಿನ ಗಾಯಗಳಿಗೆ ಹಲವು ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 1963ರ ಅಕ್ಟೋಬರ್‌ನಲ್ಲಿ ಭೀಕರ ಕಾರು ಅಪಘಾತವೊಂದರಲ್ಲಿ ಅವರು ಪ್ರಾಣಾಪಾಯದಿಂದ ಪಾರಾದರು. ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಮರಳಿದರು. 1964ರಲ್ಲಿ ಸೈನ್ಯವನ್ನು ಬಿಟ್ಟ ನಂತರ ಹಲ್ ನಗರವೇ ಅವರ ಊರಾಯಿತು.

ಹಲ್ ಹಂಬರ್ ನದೀಮುಖದ ಬಂದರು ನಗರ. ನಗರದ ಪಶ್ಚಿಮದ ಹೆಸಲ್ ರಸ್ತೆಯ ಸುತ್ತಲಿನ ಮೀನುಗಾರ ಸಮುದಾಯ ಕಪ್ಪು-ಬಿಳಿ ಅಂಗಿಯ ಹಲ್ ಎಫ್‌ಸಿಯನ್ನು ಬೆಂಬಲಿಸುತ್ತಿತ್ತು. ಪೂರ್ವದ ಹಡಗುಕಟ್ಟೆಗಳ ಕಾರ್ಮಿಕರದು ಕೆಂಪು-ಬಿಳಿ ಅಂಗಿಯ ಕಿಂಗ್‌ಸ್ಟನ್ ರೋವರ್ಸ್. ಯಾವ ಕ್ಲಬ್ಬಿಗೆ ನಿಷ್ಠೆ ಎಂಬುದು ಸಾಮಾನ್ಯವಾಗಿ ಹುಟ್ಟಿದ ಬೀದಿಯಿಂದಲೇ ನಿರ್ಧಾರವಾಗುತ್ತಿತ್ತು.

1960ರ ದಶಕದಲ್ಲಿ ಹಲ್ ತಂಡ ಲೀಗ್ ಪ್ರಶಸ್ತಿಯ ಹತ್ತಿರ ಸುಳಿಯಲಿಲ್ಲ. ಆದರೂ ಸಲಿವನ್ ಋತುವಿನಿಂದ ಋತುವಿಗೆ ಟ್ರೈಗಳನ್ನು ಗಳಿಸುತ್ತ ಹೋದರು. 1968ರ ಏಪ್ರಿಲ್‌ನಲ್ಲಿ ಡಾನ್‌ಕಾಸ್ಟರ್ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಟ್ರೈ ಗಳಿಸಿ ಕ್ಲಬ್ಬಿನ ದಾಖಲೆ ಬರೆದರು. 1969ರ ಸೆಪ್ಟೆಂಬರ್‌ನಲ್ಲಿ ಹಲ್ ತಂಡ ಫೆದರ್‌ಸ್ಟನ್ ರೋವರ್ಸ್ ತಂಡವನ್ನು 12–9ರಿಂದ ಸೋಲಿಸಿ ಯಾರ್ಕ್‌ಷೈರ್ ಕಪ್ ಗೆದ್ದಿತು. ಈ ದೀರ್ಘ ಅವಧಿಯಲ್ಲಿ ಕ್ಲಬ್ಬಿಗೆ ದೊರೆತ ದೊಡ್ಡ ಗೆಲುವೆಂದರೆ ಈ ಪ್ರಾಂತೀಯ ಕಪ್ಪು.

ಹಲ್ ಪರವಾಗಿ ಆಡಿದ ಒಟ್ಟು 352 ಪಂದ್ಯಗಳಲ್ಲಿ ಅವರು 250 ಟ್ರೈಗಳನ್ನು ಗಳಿಸಿದರು. ಅಂದರೆ ಸರಾಸರಿ ಪ್ರತಿ ಮೂರು ಪಂದ್ಯಗಳಿಗೆ ಎರಡಕ್ಕಿಂತ ಹೆಚ್ಚು.

ರಾಷ್ಟ್ರೀಯ ತಂಡ

1967ರಲ್ಲಿ ಫ್ರಾನ್ಸ್ ವಿರುದ್ಧ ಸಲಿವನ್ ಗ್ರೇಟ್ ಬ್ರಿಟನ್ ತಂಡಕ್ಕೆ ಪದಾರ್ಪಣೆ ಮಾಡಿದರು. 1968ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೂರು ಟ್ರೈ ಗಳಿಸಿದರು. 1973ರವರೆಗೆ ಆಡಿದ 17 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರ ಟ್ರೈಗಳ ಸಂಖ್ಯೆ 13. ವೇಲ್ಸ್ ತಂಡದ ಪರವಾಗಿಯೂ ಅವರು ಆಡಿದರು.

1972ರಲ್ಲಿ ಅವರನ್ನು ಗ್ರೇಟ್ ಬ್ರಿಟನ್ ತಂಡದ ನಾಯಕರನ್ನಾಗಿ ನೇಮಿಸಲಾಯಿತು. ಇದರ ಮಹತ್ವವನ್ನು ಅರಿಯಲು ಇತರ ಆಟಗಳ ಸ್ಥಿತಿಯನ್ನು ನೋಡಬಹುದು. ಇಂಗ್ಲೆಂಡ್ ಫುಟ್‌ಬಾಲ್ ತಂಡದ ಪರ ಪೂರ್ಣಪ್ರಮಾಣದ ಅಂತರರಾಷ್ಟ್ರೀಯ ಪಂದ್ಯದಲ್ಲಿ ವಿವ್ ಆ್ಯಂಡರ್ಸನ್ ಆಡಿದ್ದು 1978ರಲ್ಲಿ. ಆ ತಂಡವನ್ನು ಕಪ್ಪು ವರ್ಣೀಯ ಆಟಗಾರರೊಬ್ಬರು, ಪಾಲ್ ಇನ್ಸ್, ಮುನ್ನಡೆಸಿದ್ದು 1993ರಲ್ಲಿ. ಸಲಿವನ್ ಅವರ ನಾಯಕತ್ವ ಅದಕ್ಕಿಂತ ಇಪ್ಪತ್ತೊಂದು ವರ್ಷಗಳಷ್ಟು ಹಿಂದಿನದು. ರಗ್ಬಿ ಲೀಗ್ ಮುಖ್ಯವಾಗಿ ಉತ್ತರದ ಕೆಲವು ಜಿಲ್ಲೆಗಳ ಆಟವಾಗಿದ್ದುದರಿಂದ ಈ ಘಟನೆಗೆ ದೇಶದ ಉಳಿದ ಭಾಗಗಳಲ್ಲಿ ತಕ್ಕ ಗಮನ ಸಿಗಲಿಲ್ಲ.

1972ರ ವಿಶ್ವಕಪ್

ಈ ವಿಶ್ವಕಪ್ ಫ್ರಾನ್ಸ್‌ನಲ್ಲಿ ನಡೆಯಿತು. ಆಸ್ಟ್ರೇಲಿಯಾ, ಫ್ರಾನ್ಸ್, ಗ್ರೇಟ್ ಬ್ರಿಟನ್ ಮತ್ತು ನ್ಯೂಜಿಲೆಂಡ್ ತಂಡಗಳು ಪರಸ್ಪರ ಒಂದೊಂದು ಪಂದ್ಯವಾಡಿದವು. ಗ್ರೇಟ್ ಬ್ರಿಟನ್ ಮೂರನ್ನೂ ಗೆದ್ದಿತು: ಆಸ್ಟ್ರೇಲಿಯಾ ವಿರುದ್ಧ 27–21, ಫ್ರಾನ್ಸ್ ವಿರುದ್ಧ 13–4, ನ್ಯೂಜಿಲೆಂಡ್ ವಿರುದ್ಧ 53–19. ಫೈನಲ್ ಸೇರಿ ನಾಲ್ಕೂ ಪಂದ್ಯಗಳಲ್ಲಿ ಸಲಿವನ್ ಟ್ರೈ ಗಳಿಸಿದರು.

ಫೈನಲ್ ಪಂದ್ಯ 1972ರ ನವೆಂಬರ್ 11ರಂದು ಲಿಯಾನ್ ನಗರದ ಗೆರ್ಲಾಂಡ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆಯಿತು. ಬೃಹತ್ತಾದ ಆ ಕ್ರೀಡಾಂಗಣದಲ್ಲಿ ಸುಮಾರು 4,200 ಪ್ರೇಕ್ಷಕರಷ್ಟೇ ಇದ್ದರು. ಪಂದ್ಯದ ಎರಡು ಘಟನೆಗಳು ಇಂದಿಗೂ ಚರ್ಚೆಯಲ್ಲಿವೆ. ಆಸ್ಟ್ರೇಲಿಯಾದ ನಾಯಕ ಗ್ರೇಮ್ ಲ್ಯಾಂಗ್‌ಲೆಂಡ್ಸ್ ತಮ್ಮ ಸಹ ಆಟಗಾರನ ಒದೆತವನ್ನು ಹಿಂಬಾಲಿಸಿ ನೆಗೆದು ಹಿಡಿದು ಗಳಿಸಿದ ಟ್ರೈಯನ್ನು ರೆಫರಿ ಆಫ್‌ಸೈಡ್ ಎಂದು ತಿರಸ್ಕರಿಸಿದರು. ಚಿತ್ರೀಕರಣವನ್ನು ನೋಡಿದ ಅನೇಕರು ಆ ಟ್ರೈ ಸರಿಯಾಗಿಯೇ ಇತ್ತೆಂದು ಅಭಿಪ್ರಾಯಪಟ್ಟಿದ್ದಾರೆ. ಎರಡನೆಯ ಘಟನೆ ಸಲಿವನ್ ಅವರದು. ತಮ್ಮ ಅರ್ಧದ ಆಳದಲ್ಲಿ ಸಡಿಲವಾಗಿ ಸಿಕ್ಕ ಚೆಂಡನ್ನು ಎತ್ತಿಕೊಂಡ ಅವರು ಮೈದಾನದ ಬಹುಪಾಲು ಉದ್ದವನ್ನು ಒಬ್ಬರೇ ಓಡಿ, ಬೆನ್ನಟ್ಟಿದವರಿಗೆ ಸಿಗದೆ ಟ್ರೈ ಗಳಿಸಿದರು. ಒಳಗಿನವರು ಚೆಂಡನ್ನು ತಲುಪಿಸಲೆಂದು ಕಾಯುವುದೇ ವಿಂಗರ್‌ನ ಪಾಡಾದರೂ, ಇಲ್ಲಿ ಅವರು ಯಾರಿಗೂ ಕಾಯಲಿಲ್ಲ.

ಪಂದ್ಯದ ಕೊನೆಯ ಭಾಗದಲ್ಲಿ ಮೈಕ್ ಸ್ಟೀಫನ್‌ಸನ್ ಎರಡನೇ ಟ್ರೈ ಗಳಿಸಿದರು. ಟೆರ್ರಿ ಕ್ಲಾಸನ್ ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕಗಳನ್ನು 10–10ಕ್ಕೆ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲೂ ಅಂಕ ಬದಲಾಗಲಿಲ್ಲ. ಮೊದಲ ಹಂತದಲ್ಲಿ ಅಗ್ರಸ್ಥಾನ ಪಡೆದಿದ್ದ ಗ್ರೇಟ್ ಬ್ರಿಟನ್ ತಂಡವನ್ನು ವಿಜಯಿಯೆಂದು ಘೋಷಿಸಲಾಯಿತು. ಆನಂತರ 2022ರವರೆಗಿನ ಯಾವ ವಿಶ್ವಕಪ್‌ನಲ್ಲೂ ಗ್ರೇಟ್ ಬ್ರಿಟನ್ ಅಥವಾ ಇಂಗ್ಲೆಂಡ್ ಪುರುಷರ ತಂಡ ಪ್ರಶಸ್ತಿ ಗೆದ್ದಿಲ್ಲ.

ಎರಡನೇ ಡಿವಿಷನ್ ವರ್ಷಗಳು

1972–73ರ ಋತುವಿನಲ್ಲಿ ಮೂವತ್ತು ಕ್ಲಬ್‌ಗಳು ಒಂದೇ ಪಟ್ಟಿಯಲ್ಲಿದ್ದವು. ಎರಡು ಡಿವಿಷನ್‌ಗಳ ಪದ್ಧತಿಯನ್ನು 1962ರಿಂದ 1964ರವರೆಗೆ ಪ್ರಯೋಗಿಸಿ ಕೈಬಿಡಲಾಗಿತ್ತು. 1973ರಲ್ಲಿ ಅದನ್ನು ಮತ್ತೆ ಜಾರಿಗೆ ತರಲಾಯಿತು. ಋತುವಿನ ಕೊನೆಗೆ ಮೇಲಿದ್ದ ಹದಿನಾರು ಕ್ಲಬ್‌ಗಳು ಮೊದಲ ಡಿವಿಷನ್‌ಗೆ, ಉಳಿದ ಹದಿನಾಲ್ಕು ಎರಡನೆಯದಕ್ಕೆ ಹೋದವು. ಹಲ್ ಎಫ್‌ಸಿ ಕೆಳಗಿನ ಹದಿನಾಲ್ಕರಲ್ಲಿ ಸೇರಿತು. ಲಿಯಾನ್‌ನಲ್ಲಿ ಕಪ್ ಗೆದ್ದು ಒಂದು ವರ್ಷ ತುಂಬುವ ಮೊದಲೇ ವಿಶ್ವವಿಜೇತ ತಂಡದ ನಾಯಕರು ಎರಡನೇ ಡಿವಿಷನ್ ಆಟಗಾರರಾಗಿದ್ದರು.

ಇದರ ಪರಿಣಾಮಗಳು ಪ್ರಾಯೋಗಿಕವಾಗಿದ್ದವು. ಆ ಕಾಲದ ರಗ್ಬಿ ಲೀಗ್ ಆಟಗಾರರಲ್ಲಿ ಬಹುತೇಕರು ಅರೆಕಾಲಿಕರು. ಹಗಲು ಬೇರೆ ಉದ್ಯೋಗ, ಸಂಜೆ ಅಭ್ಯಾಸ, ವಾರಾಂತ್ಯದಲ್ಲಿ ಪಂದ್ಯ. ಪಂದ್ಯಕ್ಕೆ ಸಿಗುವ ಸಂಭಾವನೆ ಗೆಲುವು ಸೋಲಿನ ಮೇಲೆ ಏರಿಳಿಯುತ್ತಿತ್ತು. ದೊಡ್ಡ ಕ್ಲಬ್‌ಗಳು ಮೈದಾನಕ್ಕೆ ಬಾರದಿದ್ದರೆ ಪ್ರವೇಶ ಶುಲ್ಕದ ಆದಾಯ ಕುಗ್ಗುತ್ತದೆ. ಆದಾಯ ಕುಗ್ಗಿದರೆ ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳುವುದು ಕಷ್ಟ. ಒಳ್ಳೆಯ ಆಟಗಾರರು ಹೋದರೆ ಅಂಚಿನಲ್ಲಿ ನಿಂತ ವಿಂಗರ್‌ಗೆ ಚೆಂಡು ತಲುಪುವುದೇ ಅಪರೂಪವಾಗುತ್ತದೆ. ಬೂಲೆವಾರ್ಡ್‌ನಲ್ಲಿ ಪ್ರೇಕ್ಷಕರ ಸಂಖ್ಯೆ ಈ ವರ್ಷಗಳಲ್ಲಿ ಬಹಳವಾಗಿ ಕುಸಿಯಿತು. ನಗರದ ಮೀನುಗಾರಿಕೆಯೂ ಐಸ್‌ಲೆಂಡ್ ಜೊತೆಗಿನ ಸಮುದ್ರ ವಿವಾದಗಳಿಂದ ಅದೇ ಕಾಲದಲ್ಲಿ ಕುಗ್ಗುತ್ತಿತ್ತು. ಬೆಂಬಲಿಗರ ಕಿಸೆಯೂ ಬರಿದಾಗುತ್ತಿತ್ತು.

1974ರಲ್ಲಿ ಸಲಿವನ್ ಅವರಿಗೆ ಬ್ರಿಟಿಷ್ ಸರ್ಕಾರದ ಎಂಬಿಇ ಗೌರವ ದೊರೆಯಿತು. ಅದೇ ವರ್ಷ ಅವರು ಹಲ್ ಎಫ್‌ಸಿಯನ್ನು ಬಿಟ್ಟು ನಗರದ ಇನ್ನೊಂದು ಕ್ಲಬ್ಬಿಗೆ ಸೇರಿದರು.

ಹಲ್ ಕಿಂಗ್‌ಸ್ಟನ್ ರೋವರ್ಸ್ (1974–1980)

ನದಿಯ ಆ ದಡದ ಕ್ಲಬ್ಬಿಗೆ ಹೋಗುವುದನ್ನು ಹಲ್ ನಗರದ ಅಭಿಮಾನಿಗಳು ಸುಲಭವಾಗಿ ಕ್ಷಮಿಸುವುದಿಲ್ಲ. ಸಲಿವನ್ ಅವರ ವಿಷಯದಲ್ಲಿ ಮಾತ್ರ ಎರಡೂ ಕಡೆಯವರ ಅಭಿಮಾನ ಉಳಿಯಿತು. ಮೂವತ್ತೊಂದು ವಯಸ್ಸಿನ, ಮೊಣಕಾಲಿನ ಶಸ್ತ್ರಚಿಕಿತ್ಸೆಗಳನ್ನು ಕಂಡ ವಿಂಗರ್‌ಗೆ ಉಳಿದಿರುವುದು ಒಂದೆರಡು ಋತುಗಳೆಂದು ಎಣಿಸುವುದು ಸಹಜವಾಗಿತ್ತು. ಅವರು ಅಲ್ಲಿ ಆರು ಋತುಗಳನ್ನು ಆಡಿದರು.

ರೋವರ್ಸ್ ತಂಡವೂ ಆಗಷ್ಟೇ ಮೊದಲ ಡಿವಿಷನ್‌ನಿಂದ ಹಿಂಬಡ್ತಿ ಹೊಂದಿತ್ತು. ಹೀಗಾಗಿ 1974–75ರಲ್ಲೂ ಸಲಿವನ್ ಎರಡನೇ ಡಿವಿಷನ್‌ನಲ್ಲೇ ಆಡಿದರು. ಆದರೆ ಈ ತಂಡ ಮೇಲೇರುವ ಹಾದಿಯಲ್ಲಿತ್ತು. ಆ ಋತುವಿನಲ್ಲಿ ಅದು ವೇಕ್‌ಫೀಲ್ಡ್ ಟ್ರಿನಿಟಿಯನ್ನು 16–13ರಿಂದ ಸೋಲಿಸಿ ಯಾರ್ಕ್‌ಷೈರ್ ಕಪ್ ಗೆದ್ದಿತು. ಎರಡನೇ ಡಿವಿಷನ್‌ನಲ್ಲಿ ಹಡರ್ಸ್‌ಫೀಲ್ಡ್ ನಂತರದ ಸ್ಥಾನ ಪಡೆದು ಬಡ್ತಿಯನ್ನೂ ಪಡೆಯಿತು.

1978–79ರಲ್ಲಿ ರೋವರ್ಸ್ ಲೀಗ್ ಚಾಂಪಿಯನ್ ಆಯಿತು. ಕ್ಲಬ್ಬಿಗೆ 1925ರ ನಂತರ ಅದು ಮೊದಲ ಲೀಗ್ ಪ್ರಶಸ್ತಿ. ಹದಿನೇಳು ವರ್ಷಗಳ ಕಾಲ ಆಡಿದ್ದ ಸಲಿವನ್ ಅವರಿಗೂ ಅದು ಮೊದಲನೆಯದು. ಕುತೂಹಲದ ಸಂಗತಿಯೆಂದರೆ ಅದೇ ಋತುವಿನಲ್ಲಿ ಅವರ ಹಳೆಯ ಕ್ಲಬ್ ಹಲ್ ಎಫ್‌ಸಿ ಎರಡನೇ ಡಿವಿಷನ್‌ನ ತನ್ನ 26 ಪಂದ್ಯಗಳನ್ನೂ ಗೆದ್ದು ಮೇಲಕ್ಕೆ ಬಂದಿತು.

ಇದರಿಂದ 1980ರ ಮೇ 3ರಂದು ಅಪೂರ್ವ ಸನ್ನಿವೇಶವೊಂದು ಒದಗಿತು. ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ ಫೈನಲ್‌ನಲ್ಲಿ ನಗರದ ಎರಡೂ ಕ್ಲಬ್‌ಗಳು ಎದುರುಬದುರಾದವು. ಊರಿನಿಂದ ಹೊರಡುವ ಹೆದ್ದಾರಿಯ ಬದಿಯಲ್ಲಿ ಯಾರೋ ಒಂದು ಫಲಕ ಹಾಕಿದ್ದರಂತೆ: ಕೊನೆಗೆ ಊರು ಬಿಡುವವರು ದೀಪ ಆರಿಸಿ ಹೋಗಿ ಎಂದು. ಈ ಮಾತು ಹಲ್ ನಗರದಲ್ಲಿ ಇಂದಿಗೂ ಬಳಕೆಯಲ್ಲಿದೆ. ರೋವರ್ಸ್ 10–5ರಿಂದ ಗೆದ್ದು ಮೊದಲ ಬಾರಿಗೆ ಆ ಕಪ್ಪನ್ನು ಪಡೆಯಿತು. ಮೂವತ್ತೇಳು ವಯಸ್ಸಿನ ಸಲಿವನ್ ಗೆದ್ದ ತಂಡದ ವಿಂಗರ್ ಆಗಿದ್ದರು. ರೋವರ್ಸ್ ಪರ ಆಡಿದ 213 ಪಂದ್ಯಗಳಲ್ಲಿ ಅವರು 118 ಟ್ರೈ ಗಳಿಸಿದರು.

ಕೊನೆಯ ವರ್ಷಗಳು

ರೋವರ್ಸ್ ಬಿಟ್ಟ ನಂತರ ಸಲಿವನ್ ಅಲ್ಪಕಾಲ ಓಲ್ಡ್‌ಹ್ಯಾಮ್ ಪರ ಆಡಿ, ಬಳಿಕ ಹಲ್ ಎಫ್‌ಸಿಗೆ ಮರಳಿದರು. ಕಿರಿಯ ಆಟಗಾರರನ್ನು ಪಳಗಿಸುವುದು ಅವರ ಮುಖ್ಯ ಕೆಲಸವಾಗಿತ್ತು. ಆದರೆ 1982ರ ಚಾಲೆಂಜ್ ಕಪ್ ಅವರನ್ನು ಮತ್ತೆ ಮೈದಾನಕ್ಕೆ ಕರೆಯಿತು. ವೆಂಬ್ಲಿಯಲ್ಲಿ ವಿಡ್ನೆಸ್ ವಿರುದ್ಧದ ಫೈನಲ್ 14–14ರಿಂದ ಸಮವಾಗಿತ್ತು. ಮೇ 19ರಂದು ಲೀಡ್ಸ್ ನಗರದ ಎಲ್ಲಂಡ್ ರೋಡ್ ಕ್ರೀಡಾಂಗಣದಲ್ಲಿ ನಡೆದ ಮರುಪಂದ್ಯದಲ್ಲಿ ಮೂವತ್ತೊಂಬತ್ತು ವಯಸ್ಸಿನ ಸಲಿವನ್ ಆಡಿದರು. ಹಲ್ 18–9ರಿಂದ ಗೆದ್ದಿತು. ಕ್ಲಬ್ ಈ ಕಪ್ಪನ್ನು ಹಿಂದೆ ಗೆದ್ದಿದ್ದು 1914ರಲ್ಲಿ. ಹೀಗೆ ನಗರದ ಎರಡೂ ಕ್ಲಬ್‌ಗಳಿಗೆ ಚಾಲೆಂಜ್ ಕಪ್ ತಂದ ತಂಡಗಳಲ್ಲಿ ಅವರ ಹೆಸರಿದೆ.

ನಂತರ ಅವರು ಡಾನ್‌ಕಾಸ್ಟರ್ ಕ್ಲಬ್ಬಿನಲ್ಲಿ ಆಟಗಾರ ಹಾಗೂ ತರಬೇತುದಾರರಾಗಿ ಕೆಲಸ ಮಾಡಿದರು. ಡಾನ್‌ಕಾಸ್ಟರ್ ಬಹುಕಾಲ ಎರಡನೇ ಡಿವಿಷನ್ ಪಟ್ಟಿಯ ತಳದಲ್ಲೇ ಇದ್ದ, ಹಣಕಾಸಿಗೆ ಸದಾ ಪರದಾಡುತ್ತಿದ್ದ ಕ್ಲಬ್. 1968ರಲ್ಲಿ ಸಲಿವನ್ ಏಳು ಟ್ರೈ ಗಳಿಸಿದ್ದು ಇದೇ ತಂಡದ ವಿರುದ್ಧ. ಪ್ರಸಿದ್ಧ ಆಟಗಾರರು ನಿವೃತ್ತಿಯ ಹೊತ್ತಿಗೆ ಸಾಮಾನ್ಯವಾಗಿ ಆರಿಸಿಕೊಳ್ಳುವ ಸ್ಥಳ ಅದಾಗಿರಲಿಲ್ಲ.

ಕ್ಯಾನ್ಸರ್ ಕಾಯಿಲೆಯಿಂದ 1985ರ ಅಕ್ಟೋಬರ್ 8ರಂದು ಸಲಿವನ್ ನಿಧನರಾದರು. ಆಗ ಅವರ ವಯಸ್ಸು 42. ಅವರ ಮಗ ಆ್ಯಂಟನಿ ಸಲಿವನ್ ಕೂಡ ವಿಂಗರ್ ಆಗಿ ಹಲ್ ಕಿಂಗ್‌ಸ್ಟನ್ ರೋವರ್ಸ್ ಮತ್ತು ಸೇಂಟ್ ಹೆಲೆನ್ಸ್ ಕ್ಲಬ್‌ಗಳ ಪರ ಆಡಿದರು. ರಗ್ಬಿ ಲೀಗ್ ಮತ್ತು ರಗ್ಬಿ ಯೂನಿಯನ್ ಎರಡರಲ್ಲೂ ಅವರು ವೇಲ್ಸ್ ತಂಡವನ್ನು ಪ್ರತಿನಿಧಿಸಿದರು. ತಂದೆಯ ಕಾಲದಲ್ಲಿ ಮುಚ್ಚಿದ್ದ ಬಾಗಿಲು ಮಗನ ಕಾಲಕ್ಕೆ ತೆರೆದಿತ್ತು.

ಸ್ಮಾರಕಗಳು

ಹಂಬರ್ ಸೇತುವೆಯ ಕಡೆಯಿಂದ ಹಲ್ ನಗರವನ್ನು ಪ್ರವೇಶಿಸುವ ಎ63 ಹೆದ್ದಾರಿಯ ಭಾಗಕ್ಕೆ ಅವರ ನಿಧನದ ನಂತರ 'ಕ್ಲೈವ್ ಸಲಿವನ್ ವೇ' ಎಂದು ಹೆಸರಿಡಲಾಯಿತು. ಪಶ್ಚಿಮದಿಂದ ಬರುವ ಬಹುತೇಕ ವಾಹನಗಳು ಈ ರಸ್ತೆಯಲ್ಲೇ ನಗರಕ್ಕೆ ಬರುತ್ತವೆ. ಹಲ್ ಎಫ್‌ಸಿ ಮತ್ತು ಹಲ್ ಕಿಂಗ್‌ಸ್ಟನ್ ರೋವರ್ಸ್ ನಡುವಿನ ಪಂದ್ಯದ ವಿಜೇತರಿಗೆ ಕ್ಲೈವ್ ಸಲಿವನ್ ಸ್ಮಾರಕ ಟ್ರೋಫಿ ನೀಡಲಾಗುತ್ತದೆ.

ತವರೂರು ಅವರನ್ನು ಸ್ಮರಿಸಲು ಹೆಚ್ಚು ಕಾಲ ಹಿಡಿಯಿತು. 2023ರ ಜುಲೈನಲ್ಲಿ ಕಾರ್ಡಿಫ್ ಕೊಲ್ಲಿ ಪ್ರದೇಶದಲ್ಲಿ ಬಿಲ್ಲಿ ಬೋಸ್ಟನ್, ಗಸ್ ರಿಸ್ಮನ್ ಮತ್ತು ಕ್ಲೈವ್ ಸಲಿವನ್ ಅವರ ಕಂಚಿನ ಪ್ರತಿಮೆಗಳನ್ನು ಅನಾವರಣಗೊಳಿಸಲಾಯಿತು. ಮೂವರೂ ಕಾರ್ಡಿಫ್‌ನಲ್ಲಿ ಬೆಳೆದು, ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಲೀಗ್ ಆಡಿ ಹೆಸರಾದವರು.

ಮೌಲ್ಯಮಾಪನ

ಎಲ್ಲ ಪಂದ್ಯಗಳನ್ನೂ ಸೇರಿಸಿ ಸಲಿವನ್ ಗಳಿಸಿದ ಟ್ರೈಗಳು ನಾನೂರಕ್ಕೂ ಹೆಚ್ಚು. ಹಲ್ ನಗರದ ಎರಡೂ ಕ್ಲಬ್‌ಗಳ ಪರವಾಗಿ ನೂರಕ್ಕಿಂತ ಹೆಚ್ಚು ಟ್ರೈ ಗಳಿಸಿದ್ದು ಅವರ ವಿಶಿಷ್ಟ ಸಾಧನೆ. ಅವರ ಸಮಕಾಲೀನರಾದ ಕೆಲವು ವಿಂಗರ್‌ಗಳ ಒಟ್ಟು ಸಂಖ್ಯೆ ಇದಕ್ಕಿಂತ ದೊಡ್ಡದು. ಆದರೆ ಅವರಲ್ಲಿ ಹಲವರು ವಿಗನ್, ಸೇಂಟ್ ಹೆಲೆನ್ಸ್‌ನಂತಹ ಪ್ರಬಲ ಕ್ಲಬ್‌ಗಳಲ್ಲಿ ಆಡಿದವರು. ಸಲಿವನ್ ತಮ್ಮ ಅತ್ಯುತ್ತಮ ವರ್ಷಗಳನ್ನು ಪಟ್ಟಿಯ ಮಧ್ಯದಲ್ಲೋ ಕೆಳಗೋ ಇದ್ದ ತಂಡದಲ್ಲಿ ಕಳೆದರು. ಬೇರೆ ಪಟ್ಟಣದ ದೊಡ್ಡ ಕ್ಲಬ್ಬಿಗೆ ಹೋಗಿದ್ದರೆ ಪದಕಗಳ ಸಂಖ್ಯೆ ಹೆಚ್ಚುತ್ತಿತ್ತೇನೋ. ಅವರು ಕ್ಲಬ್ ಬದಲಿಸಿದಾಗಲೂ ಅದೇ ನಗರದಲ್ಲಿ ಉಳಿದರು.

ಕೆಳದರ್ಜೆಯ ಲೀಗ್‌ಗಳಲ್ಲಿ ಆಡಿದವರ ಇತಿಹಾಸವನ್ನು ಸಾಮಾನ್ಯವಾಗಿ ಪ್ರಶಸ್ತಿಪಟ್ಟಿಗಳು ದಾಖಲಿಸುವುದಿಲ್ಲ. ಅವು ಚಾಂಪಿಯನ್ ತಂಡಗಳ ಹೆಸರನ್ನಷ್ಟೇ ಹೇಳುತ್ತವೆ. 1973–75ರ ಪ್ರಶಸ್ತಿಪಟ್ಟಿಯನ್ನು ಮಾತ್ರ ನೋಡಿದವರಿಗೆ, ವಿಶ್ವಕಪ್ ಎತ್ತಿದ ನಾಯಕನೊಬ್ಬ ಆ ದಿನಗಳಲ್ಲಿ ಎರಡನೇ ಡಿವಿಷನ್‌ನ ಮೈದಾನಗಳ ಅಂಚಿನಲ್ಲಿ ಚೆಂಡಿಗಾಗಿ ಕಾಯುತ್ತ ನಿಂತಿದ್ದನೆಂಬುದು ತಿಳಿಯದು. ಅದನ್ನು ನೆನಪಿಟ್ಟವರು ಹಲ್ ನಗರದ ಜನ. ಹೆದ್ದಾರಿಗೆ ಅವರ ಹೆಸರಿರುವುದು ಆ ನೆನಪಿನಿಂದಲೇ.